ಗೋದಾಮಿನಲ್ಲಿ ಊದುವ ಮಗಳು, ಮಾರಬೇಕೆಂದಿರುವ ಎರಡು ಎಕರೆ

ಓದುಗರ ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಒಂಬತ್ತು ಎಕರೆ ರೊಬಸ್ಟಾ ಕಾಫಿ ತೋಟ. ನನಗೆ 58 ವರ್ಷ. ಒಬ್ಬಳೇ ಮಗಳು, 26 ತುಂಬಿದೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮೂರು ವರ್ಷ ಇದ್ದಳು. ಕಾಲೇಜಿನ ದಿನಗಳಿಂದಲೂ ಸ್ಯಾಕ್ಸೋಫೋನ್ ಕಲಿಯುತ್ತಿದ್ದಳು. ಹವ್ಯಾಸವೆಂದು ನಾವೂ ಸುಮ್ಮನಿದ್ದೆವು. ಎಂಟು ತಿಂಗಳ ಹಿಂದೆ ರಾಜೀನಾಮೆ ಕೊಟ್ಟು ಮನೆಗೆ ಬಂದಿದ್ದಾಳೆ. ದಿನಕ್ಕೆ ಐದಾರು ಗಂಟೆ ಕಾಫಿ ಗೋದಾಮಿನ ಬಾಗಿಲು ಹಾಕಿಕೊಂಡು ಊದುತ್ತಾಳೆ. ಹಾಡು ಎನ್ನುವಂಥದ್ದು ಅದರಲ್ಲಿ ನನಗೆ ಕೇಳಿಸುವುದಿಲ್ಲ. ಕಿರುಚಿದಂತೆ, ನರಳಿದಂತೆ, ಒಮ್ಮೊಮ್ಮೆ ಎಣ್ಣೆ ಕಾಣದ ಬಾಗಿಲಿನಂತೆ ಕೇಳುತ್ತದೆ. ಕೆಲಸದವರು ನಗುತ್ತಾರೆ. ಹೋದ ತಿಂಗಳು ಪಕ್ಕದ ತೋಟದವರು ಫೋನ್ ಮಾಡಿ, ಆನೆ ಒಳಗೆ ಬಂದಿದೆಯೇ ಎಂದು ಕೇಳಿದರು. ಇದಕ್ಕೆ ಪ್ರಾಯೋಗಿಕ ಜಾಝ್ ಎನ್ನುತ್ತಾರಂತೆ. ಇದನ್ನೇ ಬದುಕಿನ ಕೆಲಸ ಮಾಡಿಕೊಳ್ಳುತ್ತಾಳಂತೆ. ಅಮೆರಿಕದಲ್ಲಿ ಓದಬೇಕು, ಎರಡು ಎಕರೆ ಮಾರಿದರೆ ಆಗುತ್ತದೆ ಎನ್ನುತ್ತಾಳೆ. ಇದು ನಿಜಕ್ಕೂ ಸಂಗೀತವೇ? ಇದರಿಂದ ಹೊಟ್ಟೆ ತುಂಬುತ್ತದೆಯೇ? ಇಷ್ಟು ಊದಿದರೆ ಶ್ವಾಸಕೋಶಕ್ಕೆ ಪೆಟ್ಟು ಎಂದು ಅವಳ ತಾಯಿಗೆ ಭಯ. ಇನ್ನೊಂದು ವಿಷಯ: ಈ ಸಲದ ಪುತ್ತರಿ ಸುಗ್ಗಿ ಹಬ್ಬಕ್ಕೆ ಊರವರು ಕುಣಿಯುವ ಮಂದ್ ಬಯಲಿನಲ್ಲಿ, ಕೊಂಬು ಡೋಲಿನ ವಾಲಗದವರ ಜೊತೆ ತಾನೂ ಊದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹಿರಿಯರು ಒಪ್ಪುತ್ತಿಲ್ಲ. ನಾನೇನು ಮಾಡಲಿ?

ಉತ್ತರ: ಆನೆಯ ವಿಷಯ ಓದಿ ನಕ್ಕುಬಿಟ್ಟೆ, ಕ್ಷಮಿಸಿ. ನಿಮ್ಮ ಕಡೆ ಅದು ನಗುವ ವಿಷಯವಲ್ಲ ಎಂದು ಬಲ್ಲೆ. ನಾನೂ ಸೋಮವಾರಪೇಟೆ ಕಡೆಯವನೇ. ತಂದೆ ಸೇನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ಪಿಂಚಣಿ ಪಡೆದವರು. ನಾನು ಮೂವತ್ತು ವರ್ಷಗಳಿಂದ ಡಬಲ್ ಬೇಸ್ ನುಡಿಸಿಕೊಂಡು ಬಂದಿದ್ದೇನೆ, ಅದರಲ್ಲಿ ಹನ್ನೊಂದು ವರ್ಷ ಬೆಂಗಳೂರಿನ ಒಂದು ಹೋಟೆಲಿನ ಲಾಬಿಯಲ್ಲಿ. ಕೊಡಗಿಗೆ ರೈಲಿಲ್ಲ. ಆಳೆತ್ತರದ ಆ ವಾದ್ಯವನ್ನು ಬಸ್ಸಿಗೆ ಹತ್ತಿಸಿದಾಗ ಕಂಡಕ್ಟರು ಅದಕ್ಕೂ ಒಂದು ಟಿಕೆಟ್ ಹರಿದರು. ಟಿಕೆಟ್ ತೆಗೆಸಿದ ಮೇಲೆ ಸೀಟು ಅದರದ್ದೇ ತಾನೆ? ಅದನ್ನು ಕಿಟಕಿಯ ಬದಿಗೆ ಕೂರಿಸಿ ನಾನು ಮೈಸೂರಿನವರೆಗೂ ನಿಂತಿದ್ದೆ. ನಿಮ್ಮ ಮಗಳು ಆರಿಸಿಕೊಂಡ ದಾರಿ ನಾನು ಅರ್ಧದವರೆಗೆ ನಡೆದು ನೋಡಿದ್ದು, ಆ ಅರ್ಧದ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ.

ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಐದನೆಯದೊಂದು ಇರಬೇಕಿತ್ತು, ಅದು ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇದು ಸಂಗೀತವೇ ಎಂದು ಕೇಳಿದ್ದೀರಿ. ಜಾಝ್‌ನಲ್ಲಿ ಹಾಡಿನ ತಳದಲ್ಲಿ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಒಂದು ಸಾಲು ಓಡುತ್ತಿರುತ್ತದೆ. ನುಡಿಸುವವರು ಹಾಡನ್ನು ಬಿಟ್ಟು ತಮ್ಮ ಮನೋಧರ್ಮದಂತೆ ಎಷ್ಟೇ ದೂರ ಹೋದರೂ ಆ ಸಾಲಿನ ಅಂಕೆಯಲ್ಲಿರಬೇಕು, ನಮ್ಮಲ್ಲಿ ರಾಗದ ಅಂಕೆ ಇದ್ದ ಹಾಗೆ. ಅಮೆರಿಕದ ಆರ್ನೆಟ್ ಕೋಲ್ಮನ್ 1950ರ ದಶಕದ ಕೊನೆಗೆ ಆ ಸಾಲನ್ನೇ ಕಿತ್ತು ಹಾಕಿದರು. ಬಿಳಿಯ ಪ್ಲಾಸ್ಟಿಕ್ ಸ್ಯಾಕ್ಸೋಫೋನ್ ಹಿಡಿದು, ಲಯ, ಧಾಟಿ ಮತ್ತು ಪಕ್ಕದವರು ಏನು ನುಡಿಸುತ್ತಿದ್ದಾರೆ ಎಂಬ ಎಚ್ಚರ, ಇಷ್ಟನ್ನೇ ನಂಬಿ ನುಡಿಸಿದರು. 1959ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಕ್ಲಬ್ಬಿನಲ್ಲಿ ಎರಡು ವಾರಕ್ಕೆಂದು ಶುರುವಾದ ಅವರ ಕಛೇರಿ ತಿಂಗಳುಗಟ್ಟಲೆ ನಡೆಯಿತು. ಕೇಳಿದವರಲ್ಲಿ ಅರ್ಧ ಜನ ಮಹಾಪುರುಷ ಎಂದರು, ಉಳಿದವರು ಮೋಸಗಾರ ಎಂದರು. ಅದಕ್ಕೂ ಹತ್ತು ವರ್ಷ ಹಿಂದೆ ಲೂಯಿಸಿಯಾನದಲ್ಲಿ ಅವರು ಊದಿದ್ದು ಹಿಡಿಸದೆ ಜನ ಅವರನ್ನು ಹೊಡೆದು, ವಾದ್ಯವನ್ನೇ ಹಾಳುಗೆಡವಿದ್ದರು. ನಿಮ್ಮ ತೋಟದ ಕೆಲಸದವರು ನಗುವುದರಲ್ಲೇ ಮುಗಿಸಿದ್ದಾರೆ, ಒಳ್ಳೆಯ ಜನ.

ಬಾಯಿಗೆ ಬಂದಂತೆ ಊದಿದರೆ ಪ್ರಾಯೋಗಿಕ ಜಾಝ್ ಆಗುತ್ತದೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಕೇಳುಗರಿಗಿಂತ ಹೊಸದಾಗಿ ಕಲಿಯುವವರಲ್ಲೇ ಇದು ಹೆಚ್ಚು. ನೀವು ಕೇಳಿದ ಬಾಗಿಲಿನ ಸದ್ದು ಬಹುಶಃ ಒಂದೇ ಉಸಿರಿನಲ್ಲಿ ಎರಡು ಮೂರು ಸ್ವರಗಳನ್ನು ಒಟ್ಟಿಗೆ ಹೊರಡಿಸುವ ವಿದ್ಯೆ. ತುಟಿಯ ಬಿಗಿ, ಗಂಟಲಿನ ಆಕಾರ, ಬೆರಳಿನ ವಿಶೇಷ ಜೋಡಣೆ ಎಲ್ಲವೂ ಕೂಡಿದರೆ ಮಾತ್ರ ಅದು ಬರುತ್ತದೆ. ಉಸಿರು ಮುರಿಯದೆ ನಿಮಿಷಗಟ್ಟಲೆ ಊದುವುದೂ ಹಾಗೆಯೇ. ನಾಗಸ್ವರದ ಮೇಳದಲ್ಲಿ ಒತ್ತು ಎಂಬ ಶ್ರುತಿವಾದ್ಯ ಹಿಡಿಯುವವರು ಕೆನ್ನೆಯ ಗಾಳಿಯನ್ನು ಒತ್ತುತ್ತಲೇ ಮೂಗಿನಿಂದ ಎಳೆದುಕೊಳ್ಳುವುದನ್ನು ನೀವು ನೋಡಿರಬಹುದು, ಅದೇ ವಿದ್ಯೆ. ಅಷ್ಟೇಕೆ, ನಮ್ಮ ಕೊಂಬನ್ನು ನೆನಪಿಸಿಕೊಳ್ಳಿ. ಕೊಂಬಿನವರು ಸರಿಗಮ ನುಡಿಸುವುದಿಲ್ಲ. ನಾದ ಉಬ್ಬುವುದು, ಹರಿಯುವುದು, ಥಟ್ಟನೆ ನಿಲ್ಲುವುದು, ಇಷ್ಟರಲ್ಲೇ ಅವರ ಎಲ್ಲ ಮಾತೂ ಇದೆ. ಅದಕ್ಕೆ ನೀವು ಎಂದೂ ಇದು ಸಂಗೀತವೇ ಎಂದು ಕೇಳಿದವರಲ್ಲ. ಕಿವಿಗೆ ಅಭ್ಯಾಸವಾಗಿದೆ, ಅಷ್ಟೆ.

ಅಂದಮಾತ್ರಕ್ಕೆ ನಿಮ್ಮ ಮಗಳು ಚೆನ್ನಾಗಿ ನುಡಿಸುತ್ತಾಳೆ ಎಂದು ನಾನು ಹೇಳುತ್ತಿಲ್ಲ. ನಾನು ಕೇಳಿಲ್ಲ. ಆದರೆ ಸಂಗೀತ ಬಾರದ ತಂದೆಯೂ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ನನ್ನ ಬಳಿ ಬರುವವರಿಗೆ ನಾನು ಮಾಡುವುದೂ ಇವೇ. ಅವಳು ಕಿರುಚುವ ಸದ್ದೊಂದನ್ನು ಹೊರಡಿಸಿದಾಗ, “ಅದನ್ನೇ ಇನ್ನೊಮ್ಮೆ ಊದಮ್ಮಾ” ಎನ್ನಿ. ಮತ್ತೊಮ್ಮೆ ಕೇಳಿ. ಮೂರು ಸಲವೂ ಅದೇ ಸದ್ದು, ಅದೇ ಎತ್ತರಕ್ಕೆ, ಅಷ್ಟೇ ಉದ್ದಕ್ಕೆ ಬಂದರೆ ಅದು ಕಸುಬು. ಒಂದೊಂದು ಸಲ ಒಂದೊಂದು ತರಹ ಬಂದರೆ ಅದು ಅದೃಷ್ಟ. ಎರಡನೆಯದಾಗಿ, ಒಂದು ಸರಳ ಹಾಡನ್ನು, ನೀವು ಬಲ್ಲ ಯಾವುದಾದರೂ ದೇವರ ನಾಮವನ್ನು, ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಅಲಂಕಾರವಿಲ್ಲದೆ ಊದಲು ಹೇಳಿ. ಅದಕ್ಕೆ ಸಿಟ್ಟಾದರೆ ಅನುಮಾನಿಸಿ. ಈ ದಾರಿಯ ದೊಡ್ಡವರೆಲ್ಲರಿಗೂ ಸರಳವಾದದ್ದನ್ನು ನುಡಿಸಲು ಬರುತ್ತಿತ್ತು. ಕೋಲ್ಮನ್ ಟೆಕ್ಸಾಸ್‌ನ ಬ್ಲೂಸ್ ಬ್ಯಾಂಡುಗಳಲ್ಲಿ ಪಳಗಿ ಬಂದವರು.

ಶ್ವಾಸಕೋಶದ ವಿಷಯದಲ್ಲಿ ಅವಳ ತಾಯಿಯ ಭಯ ಅರ್ಧ ಸುಳ್ಳು, ಅರ್ಧ ನಿಜ. ಆರೋಗ್ಯವಂತರಿಗೆ ಊದುವುದರಿಂದಲೇ ಶ್ವಾಸಕೋಶ ಕೆಡುವುದಿಲ್ಲ. ಆದರೆ ತೊಳೆಯದ ವಾದ್ಯದೊಳಗೆ ಬೆಳೆದ ಬೂಷ್ಟು ಉಸಿರಿನೊಂದಿಗೆ ಒಳಹೋಗಿ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ, ಸ್ಯಾಕ್ಸೋಫೋನ್ ವಾದಕರದ್ದೂ ಇದೆ. ಮಳೆಗಾಲದ ಕೊಡಗಿನಲ್ಲಿ ಕಪಾಟಿನೊಳಗಿನ ಕೋಟಿಗೇ ಬೂಷ್ಟು ಹಿಡಿಯುವಾಗ, ದಿನಕ್ಕೆ ಐದು ಗಂಟೆ ಉಗುಳು ಕುಡಿಯುವ ಕೊಳವೆಯನ್ನು ಬಿಟ್ಟೀತೇ? ನುಡಿಸಿದ ಮೇಲೆ ಪ್ರತಿಸಲವೂ ಒಳಗಡೆ ಬಟ್ಟೆ ಎಳೆದು ಒರೆಸಬೇಕು, ಬಾಯಿಗಿಡುವ ಭಾಗವನ್ನು ತೊಳೆಯಬೇಕು, ಅದಕ್ಕೆ ಕಟ್ಟುವ ತೆಳು ಪಟ್ಟಿಗಳಾದ ರೀಡ್‌ಗಳನ್ನು ಒಣಗಿಸಿ ಇಡಬೇಕು, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಇರಬೇಕು. ಕೀಲಿಗಳ ಕೆಳಗಿನ ಚರ್ಮದ ಪ್ಯಾಡುಗಳು ಎರಡು ಜುಲೈ ಕಳೆಯುವುದರೊಳಗೆ ಉಬ್ಬುತ್ತವೆ. ಬಿಡದ ಕೆಮ್ಮು, ಉಬ್ಬಸ ಬಂದರೆ ವೈದ್ಯರಿಗೆ ವಾದ್ಯದ ವಿಷಯವನ್ನೂ ಹೇಳಿ.

ನನಗೆ ಹೆಚ್ಚು ಚಿಂತೆ ಕಿವಿಯದು. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು, ಅಲ್ಲಿಂದ ಪ್ರತಿ ಮೂರು ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಔದ್ಯೋಗಿಕ ಆರೋಗ್ಯದಲ್ಲಿ ಬಳಸುವ ಲೆಕ್ಕ. 94 ಡೆಸಿಬಲ್ಲಿಗೆ ಒಂದೇ ಗಂಟೆ. ಜೋರಾಗಿ ಊದಿದ ಸ್ಯಾಕ್ಸೋಫೋನ್ ಅದನ್ನು ಸುಲಭವಾಗಿ ದಾಟುತ್ತದೆ. ನಿಮ್ಮದು ಸತುವಿನ ಶೀಟಿನ ಗೋದಾಮಾಗಿದ್ದರೆ ಸದ್ದೆಲ್ಲ ತಿರುಗಿ ಅವಳಿಗೇ ಬಡಿಯುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಕೊಡಿಸಿ, ಗೋಡೆಗೆ ಹಳೆಯ ಗೋಣಿಚೀಲಗಳನ್ನು ಎರಡು ಪದರ ತೂಗುಹಾಕಿ. ನನ್ನ ಎಡಗಿವಿ ಡ್ರಮ್ಸ್ ಪಕ್ಕದಲ್ಲಿ ನಿಂತು ನಿಂತು ಹೋಯಿತು. ಈಗ ಫೋನನ್ನು ಬಲಗಿವಿಗೇ ಹಿಡಿಯುತ್ತೇನೆ.

ಇನ್ನು ಹೊಟ್ಟೆಯ ಪ್ರಶ್ನೆ. ಪ್ರಾಯೋಗಿಕ ಜಾಝ್ ಒಂದನ್ನೇ ನುಡಿಸಿ ಹೊಟ್ಟೆ ತುಂಬುವುದಿಲ್ಲ. ಭಾರತದಲ್ಲಿ ಅಂತೂ ಇಲ್ಲ, ಅಮೆರಿಕದಲ್ಲೂ ಬೆರಳೆಣಿಕೆಯ ಜನರಿಗೆ ಬಿಟ್ಟು ಇಲ್ಲ. ಕೋಲ್ಮನ್ ಲಾಸ್ ಏಂಜಲೀಸಿನ ಮಳಿಗೆಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು, ಜನರಿಲ್ಲದಾಗ ಅದನ್ನು ನಿಲ್ಲಿಸಿ ಸಂಗೀತಶಾಸ್ತ್ರ ಓದುತ್ತಿದ್ದರು. ಪಿಯಾನೊ ವಾದಕ ಸೆಸಿಲ್ ಟೇಲರ್ ಹೆಸರು ಮಾಡಿದ ಮೇಲೂ ಹೋಟೆಲುಗಳಲ್ಲಿ ಪಾತ್ರೆ ತೊಳೆದರು. ಸ್ಯಾಕ್ಸೋಫೋನ್ ವಾದಕ ಆಂಥನಿ ಬ್ರಾಕ್ಸ್‌ಟನ್ ಒಂದು ಕಾಲದಲ್ಲಿ ಪಣಕ್ಕೆ ಚದುರಂಗ ಆಡಿ ಬದುಕಿದರು. ಮೂವರಿಗೂ ಗೌರವ ಬಂತು. ಟೇಲರ್‌ಗೆ 1991ರಲ್ಲಿ, ಬ್ರಾಕ್ಸ್‌ಟನ್‌ಗೆ 1994ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್, ಕೋಲ್ಮನ್‌ಗೆ 2007ರಲ್ಲಿ ಪುಲಿಟ್ಜರ್. ಬಂದಾಗ ಟೇಲರ್‌ಗೆ 62 ವರ್ಷ, ಕೋಲ್ಮನ್‌ಗೆ 77. ಪ್ರಶಸ್ತಿಯನ್ನು ಆದಾಯವೆಂದು ಲೆಕ್ಕ ಹಿಡಿಯುವವರಿಗೆ ನಾನು ಈ ವಯಸ್ಸುಗಳನ್ನು ಓದಿ ಹೇಳುತ್ತೇನೆ.

ಹೀಗೇಕೆ? ಸಂಗೀತಕ್ಕೆ ದುಡ್ಡು ಬರುವುದು ಬಹುಪಾಲು ಸಂಗೀತಕ್ಕಾಗಿ ಅಲ್ಲ. ಹೋಟೆಲು ನನಗೆ ಸಂಬಳ ಕೊಟ್ಟದ್ದು ಕಾಫಿ ಕುಡಿಯುವವರ ಮಾತಿಗೆ ಅಡ್ಡಿಯಾಗದ ಹಿನ್ನೆಲೆಗಾಗಿ. ಅದೂ ಮೂರು ಮೂರು ತಿಂಗಳು ತಡವಾಗಿ. ಮದುವೆಯವರು ಕೊಡುವುದು ಕುಣಿಯಲು, ಬಾರಿನವರು ಕೊಡುವುದು ಗಿರಾಕಿ ಇನ್ನೊಂದು ಗಂಟೆ ಕೂರಲೆಂದು. ಪ್ರಾಯೋಗಿಕ ಜಾಝ್ ಇದಾವುದನ್ನೂ ಮಾಡಿಕೊಡುವುದಿಲ್ಲ, ಬದಲಿಗೆ ಬಾಯಿ ಮುಚ್ಚಿ ಕೇಳಿ ಎನ್ನುತ್ತದೆ. ಹಾಗೆ ಕೇಳಲು ಟಿಕೆಟ್ ಕೊಂಡು ಬರುವವರು ಒಂದು ಊರಿನಲ್ಲಿ ಮೂವತ್ತೋ ನಲವತ್ತೋ ಜನ. ಆ ಮೂವತ್ತು ಜನರ ಹಣ ನಾಲ್ಕು ವಾದಕರಿಗೆ ಹಂಚಿ, ಮೈಕಿನವನಿಗೆ ಕೊಟ್ಟು, ಆಟೋಗೆ ಕೊಟ್ಟರೆ ಉಳಿಯುವುದು ಊಟದ ಖರ್ಚು. ಇಂಟರ್ನೆಟ್ ಇದೆಯಲ್ಲ ಎಂದು ಮಗಳು ಹೇಳಬಹುದು. 2024ರಿಂದ ಸ್ಪಾಟಿಫೈಯಲ್ಲಿ ಒಂದು ಟ್ರ್ಯಾಕ್ ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ಒಂದು ಪೈಸೆಯೂ ಇಲ್ಲ. ಈ ಬಗೆಯ ಸಂಗೀತದಲ್ಲಿ ಆ ಸಾವಿರವೇ ಒಂದು ಬೆಟ್ಟ. ನನ್ನ ಸ್ವಂತ ಖರ್ಚಿನ ಸಿ.ಡಿ. ಐನೂರು ಪ್ರತಿ ಮಾಡಿಸಿದ್ದೆ. ಮುನ್ನೂರು ಈಗಲೂ ಅಟ್ಟದ ಮೇಲಿವೆ, ಬೇಕಾದವರು ಕೇಳಬಹುದು.

ಇದನ್ನು ನಾನು ನಿಮಗೆ ಹೆದರಿಸಲು ಬರೆಯುತ್ತಿಲ್ಲ. ಕಾಫಿ ಬೆಳೆಗಾರನಿಗೆ ಅನಿಶ್ಚಿತ ಆದಾಯ ಎಂದರೇನು ಎಂದು ಹೇಳಿಕೊಡಬೇಕೇ? 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಕುಸಿದಾಗ, 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸುಟ್ಟು ಇಲ್ಲಿ ಬೆಲೆ ಏರಿದಾಗ, 2000ದ ನಂತರ ಮತ್ತೆ ಪಾತಾಳಕ್ಕೆ ಇಳಿದಾಗ ನೀವು ತೋಟದಲ್ಲೇ ಇದ್ದಿರಿ. ಆಗ ಮನೆಯನ್ನು ಹಿಡಿದು ನಿಲ್ಲಿಸಿದ್ದು ನೆರಳಿನ ಮರಕ್ಕೆ ಹಬ್ಬಿದ ಕರಿಮೆಣಸು ಅಲ್ಲವೇ? ಸಂಗೀತಗಾರರ ಮನೆಯಲ್ಲೂ ಹಾಗೊಂದು ಮೆಣಸಿನ ಬಳ್ಳಿ ಇರುತ್ತದೆ. 1940ರ ದಶಕದ ಮುಂಬೈಯಲ್ಲಿ ಗೋವಾದ ಜಾಝ್ ವಾದಕರು ರಾತ್ರಿ ಹೋಟೆಲುಗಳಲ್ಲಿ ಊದಿ ಹಗಲು ಸಿನಿಮಾ ಸ್ಟುಡಿಯೋಗಳಿಗೆ ಹೋಗುತ್ತಿದ್ದರು. ಚಿಕ್ ಚಾಕೊಲೇಟ್ ಎಂದೇ ಹೆಸರಾದ ಟ್ರಂಪೆಟ್ ವಾದಕ ತಾಜ್ ಹೋಟೆಲಿನಲ್ಲಿ ಬ್ಯಾಂಡ್ ನಡೆಸುತ್ತ ಸಿ. ರಾಮಚಂದ್ರ ಅವರ ಚಿತ್ರಗೀತೆಗಳಿಗೂ ದುಡಿದರು. ನಮ್ಮ ಕಾಲದವರಲ್ಲಿ ವಿಜಯ್ ಅಯ್ಯರ್ ಅವರನ್ನು ನೋಡಿ: ಗಣಿತ, ಭೌತಶಾಸ್ತ್ರ ಓದಿ, ಪಿಎಚ್.ಡಿ. ಮಾಡಿ, ಜಾಝ್ ಪಿಯಾನೊಗೆ ಬಂದವರು, 2014ರಿಂದ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರು. ಎಂಜಿನಿಯರಿಂಗ್ ಓದಿದ ಮಗಳಿಗೆ ಈ ಹೆಸರು ಗೊತ್ತಿರಲೇಬೇಕು.

ನೀವು ಕೇಳದ ಐದನೆಯ ಪ್ರಶ್ನೆ ಈಗ. ಅವಳು ಯಾರ ಜೊತೆ ನುಡಿಸುತ್ತಿದ್ದಾಳೆ? ಪತ್ರವನ್ನು ಮತ್ತೆ ಮತ್ತೆ ಓದಿದೆ, ಅದರಲ್ಲಿ ಎರಡನೆಯ ವಾದಕರೊಬ್ಬರ ಸುಳಿವಿಲ್ಲ. ಎಂಟು ತಿಂಗಳು, ದಿನಕ್ಕೆ ಐದಾರು ಗಂಟೆ, ಬಾಗಿಲು ಹಾಕಿದ ಗೋದಾಮು. ಹಣ ಬಾರದಿರುವುದಕ್ಕಿಂತ ಇದು ನನ್ನನ್ನು ಕಳವಳಕ್ಕೆ ಈಡುಮಾಡಿತು. ಜಾಝ್ ಎಂದರೆ ಮಾತುಕತೆ. ಕಾರ್ಡ್‌ಗಳ ಸಾಲನ್ನು ತೆಗೆದು ಹಾಕಿದ ಜಾಝ್‌ನಲ್ಲಿ ಹಿಡಿದುಕೊಳ್ಳಲು ಉಳಿಯುವುದೇ ಪಕ್ಕದವರ ಕಿವಿ. ಒಬ್ಬರೇ ಕೂತು ಊದುತ್ತ ಹೋದರೆ ಬೆರಳು ಚುರುಕಾಗುತ್ತದೆ, ಕಿವಿ ಮೊಂಡಾಗುತ್ತದೆ. ಈ ದಾರಿ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಹಸಿವಿನಿಂದ ಬಿಟ್ಟವರಿಗಿಂತ ಜೊತೆಗೆ ಯಾರೂ ಇಲ್ಲದೆ ಬಿಟ್ಟವರೇ ಹೆಚ್ಚು.

ಬ್ರಾಕ್ಸ್‌ಟನ್ 1969ರಲ್ಲಿ ಜೊತೆಗೆ ಯಾರೂ ಇಲ್ಲದೆ ಬರೀ ಆಲ್ಟೊ ಸ್ಯಾಕ್ಸೋಫೋನಿನಲ್ಲೇ ಎರಡು ಧ್ವನಿತಟ್ಟೆಯ ಆಲ್ಬಂ ಮುದ್ರಿಸಿದರಲ್ಲ ಎಂದು ಅವಳು ವಾದಿಸಬಹುದು. ನಿಜ. ಆದರೆ ಅವರ ಹಿಂದೆ ಷಿಕಾಗೋದ ಒಂದು ಸಂಘ ಇತ್ತು. 1965ರಲ್ಲಿ ಮುಹಾಲ್ ರಿಚರ್ಡ್ ಏಬ್ರಮ್ಸ್ ಮತ್ತು ಗೆಳೆಯರು ಕಟ್ಟಿದ ಆ ಕರಿಯ ಸಂಗೀತಗಾರರ ಸಂಘ ತನ್ನ ಕಛೇರಿಗಳನ್ನು ತಾನೇ ಏರ್ಪಡಿಸಿತು, ಕೇರಿಯ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿತು, ಸದಸ್ಯರು ಸ್ವಂತ ರಚನೆಗಳನ್ನೇ ನುಡಿಸಬೇಕೆಂದಿತು. ಅದರ ಸದಸ್ಯರಾದ ಹೆನ್ರಿ ಥ್ರೆಡ್‌ಗಿಲ್ ಅವರಿಗೆ 2016ರಲ್ಲಿ ಪುಲಿಟ್ಜರ್ ಬಂತು. ಕೋಲ್ಮನ್‌ಗೂ ಡಾನ್ ಚೆರಿ, ಚಾರ್ಲಿ ಹೇಡನ್, ಬಿಲ್ಲಿ ಹಿಗಿನ್ಸ್ ಎಂಬ ಮೂವರು ಸಿಕ್ಕ ಮೇಲೆಯೇ ಆ ಲಿಫ್ಟಿನ ಓದು ಫಲಿಸಿದ್ದು.

ಇನ್ನೊಂದು ಉದಾಹರಣೆ ತಂದೆಯಾದ ನಿಮಗೆಂದೇ. ಸನ್ ರಾ ಎಂಬ ಪಿಯಾನೊ ವಾದಕರಿದ್ದರು, ತಾವು ಶನಿಗ್ರಹದಿಂದ ಬಂದವರೆಂದು ಹೇಳಿಕೊಳ್ಳುತ್ತಿದ್ದರು. (ಅವರ ಪಕ್ಕದಲ್ಲಿ ನಿಮ್ಮ ಮಗಳು ಗೃಹಸ್ಥೆ.) ತಮ್ಮ ತಟ್ಟೆಗಳನ್ನು ತಾವೇ ಮಾಡಿಸಿ, ಹೊದಿಕೆಗೆ ಕೈಯಿಂದಲೇ ಬಣ್ಣ ಬಳಿದು ಕಛೇರಿಗಳಲ್ಲಿ ಮಾರುತ್ತಿದ್ದರು. 1968ರಿಂದ ಅವರ ತಂಡ ಫಿಲಡೆಲ್ಫಿಯಾದ ಒಂದೇ ಮನೆಯಲ್ಲಿ ಒಟ್ಟಿಗೆ ಇತ್ತು, ಒಟ್ಟಿಗೆ ಉಂಡಿತು, ಹೊತ್ತು ಗೊತ್ತಿಲ್ಲದೆ ಅಭ್ಯಾಸ ಮಾಡಿತು. ಆ ಮನೆ ಯಾರದ್ದು ಗೊತ್ತೇ? ತಂಡದ ಸ್ಯಾಕ್ಸೋಫೋನ್ ವಾದಕ ಮಾರ್ಷಲ್ ಆಲನ್ ಅವರ ತಂದೆಗೆ ಸೇರಿದ್ದು. ಸನ್ ರಾ 1993ರಲ್ಲಿ ತೀರಿಕೊಂಡರು. ಆಲನ್ 2024ರಲ್ಲಿ ನೂರು ತುಂಬಿದ ಮೇಲೂ ಅದೇ ತಂಡದ ಮುಂದೆ ನಿಂತು ಊದುತ್ತಿದ್ದರು. ಆ ತಂದೆ ಕೊಟ್ಟದ್ದು ಸೂರು. ನಿಮ್ಮ ಬಳಿ ಸೂರು ಇದೆ.

ಈಗ ಎರಡು ಎಕರೆಯ ವಿಷಯಕ್ಕೆ ಬನ್ನಿ. ಅಮೆರಿಕದಲ್ಲಿ ಜಾಝ್ ಕಲಿಸುವ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಶುಲ್ಕವೇ ವರ್ಷಕ್ಕೆ 40 ಸಾವಿರ ಡಾಲರ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ ಮೂವತ್ತು ಲಕ್ಷಕ್ಕಿಂತ ಹೆಚ್ಚು. ಊಟ ವಸತಿ ಬೇರೆ. ನಿಮ್ಮ ಕಡೆ ಎಕರೆಗೆ ಏನು ಬೆಲೆ ಎಂದು ನಿಮಗೇ ಗೊತ್ತು, ಎಷ್ಟು ಸೆಮಿಸ್ಟರ್ ಆದೀತು ಎಂದು ಅವಳ ಎದುರಿಗೇ ಕೂತು ಕೂಡಿಸಿ. ಓದು ಮುಗಿದ ಮೇಲೆ ಸಂಗೀತದ ವಿದ್ಯಾರ್ಥಿಗೆ ಅಲ್ಲಿ ದುಡಿಯಲು ಸಾಮಾನ್ಯವಾಗಿ ಒಂದೇ ವರ್ಷದ ಅವಕಾಶ. ದೊಡ್ಡ ವಿದ್ಯಾರ್ಥಿವೇತನ ಸಿಕ್ಕಿದರೆ ಮಾತು ಬೇರೆ, ಇಲ್ಲದಿದ್ದರೆ ನಾನು ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ಸಾಲ ತೀರಿಸಬೇಕಾದವರು ಪ್ರಯೋಗ ಮಾಡುವುದಿಲ್ಲ, ಮದುವೆ ಬ್ಯಾಂಡಿಗೆ ಸೇರುತ್ತಾರೆ. ತೋಟ ಮಾರಿ ಹೋದವರಿಗೆ ಅಪರಾಧಿ ಭಾವ ಬಡ್ಡಿಯಾಗಿ ಸೇರಿಕೊಳ್ಳುತ್ತದೆ.

ಹೊರದೇಶವೇ ಬೇಕೆಂದರೆ ಜರ್ಮನಿಯನ್ನು ಯೋಚಿಸಬಹುದು. ಅಲ್ಲಿನ ಸರ್ಕಾರಿ ಸಂಗೀತ ವಿಶ್ವವಿದ್ಯಾಲಯಗಳಲ್ಲಿ ಹಲವೆಡೆ ಜಾಝ್ ವಿಭಾಗವಿದೆ, ಬಾಡೆನ್-ವ್ಯೂರ್ಟೆಂಬರ್ಗ್‌ನಂತಹ ರಾಜ್ಯ ಬಿಟ್ಟರೆ ಹೆಚ್ಚಿನ ಕಡೆ ವಿದೇಶಿಯರಿಗೂ ಬೋಧನಾ ಶುಲ್ಕವಿಲ್ಲ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚು, ಸುಮಾರು 12 ಸಾವಿರ ಯೂರೋ, ಬ್ಯಾಂಕಿನಲ್ಲಿ ಮೊದಲೇ ಇಟ್ಟು ತೋರಿಸಬೇಕು. ಜರ್ಮನ್ ಕಲಿಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗೆ ನುಡಿಸಿ ಗೆಲ್ಲಬೇಕು. ಸೀಟು ಕೆಲವೇ, ಬರುವವರು ನೂರಾರು. ಗೋದಾಮಿನಲ್ಲಿ ಒಂಟಿಯಾಗಿ ಊದಿದವರು ಅಲ್ಲಿ ಬೇಸ್ ಮತ್ತು ಡ್ರಮ್ಸ್ ಜೊತೆ ನಿಂತ ಕೂಡಲೇ ಗುಟ್ಟು ರಟ್ಟಾಗುತ್ತದೆ.

ಹಾಗಾಗಿ ನನ್ನ ಸಲಹೆ ಬೆಂಗಳೂರಿಗೆ ಎರಡು ವರ್ಷ, ಭೂಮಿ ಮಾರದೆ. ಹಳೆಯ ಕಸುಬಿನಲ್ಲೇ ವಾರಕ್ಕೆ ಮೂರು ದಿನದ ಸಾಫ್ಟ್‌ವೇರ್ ಕೆಲಸ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಮೆಣಸಿನ ಬಳ್ಳಿ ಇಲ್ಲ. ಮಕ್ಕಳಿಗೆ ಪಾಠ ಹೇಳುವುದು ಎರಡನೆಯದು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಕಟ್ಟಿಸುವ ಪೋಷಕರು ಬೇಕಾದಷ್ಟಿದ್ದಾರೆ. ರೆಸಾರ್ಟು, ಹೋಟೆಲುಗಳಲ್ಲಿ ಸಿನಿಮಾ ಹಾಡು ಊದುವುದನ್ನು ನಾನು ಕೊನೆಗೆ ಇಡುತ್ತೇನೆ. ಹಣ ಕೈಗೆ ಬೇಗ ಬರುತ್ತದೆ, ನಿಜ. ಮಡಿಕೇರಿ ಸುತ್ತಲೂ ವಾರಾಂತ್ಯಕ್ಕೆ ಕರೆಯುವವರಿದ್ದಾರೆ. ಆದರೆ ಸಂಜೆ ಮೂರು ಗಂಟೆ ಬೇರೆಯವರ ರುಚಿಗೆ ಊದಿದ ತುಟಿಗೆ ಮರುದಿನ ಬೆಳಿಗ್ಗೆ ತನ್ನದನ್ನು ಹುಡುಕುವ ಹಸಿವು ಇರುವುದಿಲ್ಲ. ಇದನ್ನು ಹನ್ನೊಂದು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ.

ಉಳಿದ ನಾಲ್ಕು ದಿನ ಅವಳು ಜನರ ನಡುವೆ ಇರಬೇಕು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಂತಹ ಕಡೆ ಜಾಝ್ ಕಛೇರಿಗಳು ಆಗುತ್ತವೆ. ಹೋಗಿ ಕೇಳಲಿ, ನುಡಿಸಿದವರನ್ನು ಮಾತನಾಡಿಸಲಿ. ತಾಳವನ್ನು ಬಾಯಲ್ಲೇ ಹೇಳುವ ಸೊಲ್ಕಟ್ಟು ಕಲಿಯಲಿ. 1964ರಲ್ಲಿ ಶುರುವಾದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಅವರ ತಂಡದ ಜೊತೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ತಾವೇ ಬಂದು ನುಡಿಸಿದರು, ಜರ್ಮನಿಯ ಕಂಪನಿಯೊಂದು 1983ರಲ್ಲಿ ಅದರ ಆಲ್ಬಂ ತಂದಿತು. ಹೊರಗಿನವರು ಹುಡುಕಿಕೊಂಡು ಬಂದ ಲಯ ನಮ್ಮ ಮನೆಯಂಗಳದಲ್ಲಿರುವಾಗ ಅದನ್ನು ಬಿಟ್ಟು ಹೋಗುವುದು ದಡ್ಡತನ. ಕದ್ರಿ ಗೋಪಾಲನಾಥರ ಕಥೆ ನಿಮಗೆ ಗೊತ್ತಿರುತ್ತದೆ: ನಾಗಸ್ವರದ ಮನೆಯ ಹುಡುಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು, ಗಮಕಕ್ಕೆ ಬಗ್ಗದ ವಾದ್ಯವನ್ನು ಬಗ್ಗಿಸಲು ಎರಡು ದಶಕ ತೆಗೆದುಕೊಂಡರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿ ಜೊತೆಗೆ ನುಡಿಸಬೇಕೆಂದವರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ. ಮುಂದೆ ಅಮೆರಿಕದ ಇನ್ನೊಬ್ಬ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ 2008ರಲ್ಲಿ ಕದ್ರಿಯವರ ಜೊತೆ ಆಲ್ಬಂ ಮಾಡಿದರು. ಕದ್ರಿಯವರು ಜಾಝ್ ಕಡೆಗೆ ಹೋಗಲಿಲ್ಲ, ಜಾಝ್ ಅವರ ಕಡೆಗೆ ಬಂತು.

ಅಪಾಯಗಳೂ ಇವೆ. ಎರಡು ವರ್ಷ ನಾಲ್ಕಾಗಬಹುದು. ಅರೆಕಾಲಿಕ ಕೆಲಸ ಪೂರ್ಣಕಾಲಿಕವಾಗಿ ನುಂಗಬಹುದು. ಬಾಡಿಗೆ ಮನೆಯಲ್ಲಿ ಸ್ಯಾಕ್ಸೋಫೋನ್ ಊದಿದರೆ ಮಾಲೀಕರು ಮೂರನೆಯ ದಿನ ಬಾಗಿಲು ತಟ್ಟುತ್ತಾರೆ, ಅಭ್ಯಾಸದ ಕೋಣೆಗೆ ಬೇರೆಯೇ ಬಾಡಿಗೆ ಬೀಳುತ್ತದೆ. ಅದನ್ನು ನೀವು ಕೊಡಬಹುದು. ಎರಡು ಎಕರೆಯ ಮುಂದೆ ಅದು ಚಿಲ್ಲರೆ. ಸ್ವಂತ ರಚನೆಗಳನ್ನು ಅವಳು ಐ.ಪಿ.ಆರ್.ಎಸ್. ಎಂಬ, ರಚನೆಕಾರರ ಪರವಾಗಿ ಗೌರವಧನ ಸಂಗ್ರಹಿಸುವ ಸಂಸ್ಥೆಯಲ್ಲಿ ನೋಂದಾಯಿಸಲಿ. ಬರುವ ಗೌರವಧನ ಸಣ್ಣದು, ಆದರೆ ಹಕ್ಕು ಅವಳದಾಗಿ ಉಳಿಯುತ್ತದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾಪ್ರಯೋಗ ಮತ್ತು ಸಂಶೋಧನೆಗೆ ಅನುದಾನ ಕೊಡುತ್ತದೆ. ಏನು, ಏಕೆ, ಯಾರ ಜೊತೆ ಎಂದು ಎರಡು ಪುಟದಲ್ಲಿ ಬರೆಯಲು ಬಂದವರಿಗೆ ಇಂತಹ ಬಾಗಿಲು ತೆರೆಯುತ್ತದೆ.

ಸೂರಿನ ಮಾತು ಮರೆತಿಲ್ಲ. ತೋಟದಲ್ಲಿ ಕೆಲಸದವರಿಗೆಂದು ಕಟ್ಟಿಸಿ ಖಾಲಿ ಬಿದ್ದ ಲೈನ್ ಮನೆ ಇದ್ದರೆ ಹೆಂಚು ಸರಿಪಡಿಸಿ, ನಾಲ್ಕು ಮಂಚ ಹಾಕಿಸಿ. ಕುಯಿಲು ಮುಗಿದು ಗೋದಾಮು ಖಾಲಿಯಾದ ಮೇಲೆ, ಮಳೆ ಹಿಡಿಯುವ ಮೊದಲು, ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ ಅವಳ ಜೊತೆಗಾರರು ಹತ್ತು ದಿನ ಬಂದು ಇರಲಿ. ಬೆಂಗಳೂರಿನ ವಾದಕರಿಗೆ ಸಿಗದೇ ಇರುವುದು ಇದೇ: ಗಂಟೆ ಲೆಕ್ಕವಿಲ್ಲದ ಜಾಗ. ಅಕ್ಕಿ ರೊಟ್ಟಿ, ಪಂದಿಕರಿಗೆ ಯಾರನ್ನಾದರೂ ಕರೆಸಬಹುದು, ನನ್ನನ್ನೂ ಸೇರಿಸಿ.

ಮದುವೆ ಮನೆಗಳಲ್ಲಿ ನೆಂಟರು ಮಗಳು ಏನು ಮಾಡುತ್ತಾಳೆ ಎಂದು ಕೇಳುತ್ತಿರಬೇಕು. ನೀವು ಬರೆದಿಲ್ಲ, ಆದರೆ ಕೇಳದೆ ಬಿಡುವ ಊರಲ್ಲ ನಮ್ಮದು. ಸಂಗೀತದವಳು ಎನ್ನಿ. ನನ್ನ ತಂದೆ ಹತ್ತು ವರ್ಷ ನನ್ನನ್ನು ಹೋಟೆಲ್ ಕೆಲಸದವನು ಎಂದೇ ಹೇಳಿಕೊಂಡು ತಿರುಗಿದರು. ಸುಳ್ಳೂ ಅಲ್ಲ, ನೋವಾಗದೆಯೂ ಇರಲಿಲ್ಲ.

ಇನ್ನು ಪುತ್ತರಿ. ಹಿರಿಯರು ಬೇಡ ಎನ್ನುತ್ತಾರೆ ಎಂದಿರಿ, ವಾಲಗದವರು ಏನೆನ್ನುತ್ತಾರೆ ಎಂದು ಬರೆಯಲಿಲ್ಲ. ಮೊದಲು ಕೇಳಬೇಕಾದದ್ದು ಅವರನ್ನು. ಅದು ಅವರ ತಲೆಮಾರುಗಳ ಕಸುಬು, ಅವರ ದುಡಿಮೆಯ ದಿನ. ವಾಲಗದ ಕೊಳಲಿನ ಶ್ರುತಿಗೆ ಆಲ್ಟೊ ಸ್ಯಾಕ್ಸೋಫೋನ್ ಹಾಗೇ ಕೂಡಿಕೊಳ್ಳುವುದಿಲ್ಲ. ಜೋರಾಗಿ ಊದಿದರೆ ಅವರ ಸದ್ದು ಮುಳುಗುತ್ತದೆ, ಕುಣಿಯುವವರ ಹೆಜ್ಜೆ ತಪ್ಪುತ್ತದೆ. ಈ ವರ್ಷ ಮಂದ್‌ನಲ್ಲಿ ಬೇಡ. ಹಿರಿಯರ ಮಾತಿಗಾಗಿ ಅಲ್ಲ, ಅವಳಿನ್ನೂ ಆ ಲಯವನ್ನು ಕುಣಿದು ಬಲ್ಲಳೇ ಹೊರತು ಕೇಳಿ ಬಲ್ಲವಳಲ್ಲ ಎಂಬ ಕಾರಣಕ್ಕೆ. ಪುತ್ತರಿ ಕಳೆದು, ಮದುವೆಗಳಿಲ್ಲದ ಒಂದು ದಿನ ನೋಡಿ ವಾಲಗದವರನ್ನೂ, ಸಾಧ್ಯವಾದರೆ ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ಪಾಟ್, ಅಂದರೆ ಕೊಡವ ಹಾಡು, ಹಾಡುವ ನಾಲ್ವರನ್ನೂ ಗೋದಾಮಿಗೆ ಕರೆಯಿರಿ. ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತ, ಎದುರಿಗಿರುವ ಮನೆತನಕ್ಕೆ ತಕ್ಕಂತೆ ಸಾಲುಗಳನ್ನು ಆಗಲೇ ಹೊಂದಿಸುವ ಆ ದುಡಿಯವರಿಂದ ಅವಳು ಕಲಿಯಬೇಕಾದದ್ದು ಬಹಳ ಇದೆ. ಮದುವೆಯ ದಿನಕ್ಕೆ ಅವರಿಗೆ ಎಷ್ಟು ಸಲ್ಲುತ್ತದೋ ಅಷ್ಟನ್ನೇ ಕೊಡಿ, ಮನೆಯ ಹುಡುಗಿ ಎಂದು ಕಡಿಮೆ ಮಾಡಬೇಡಿ. ಬೆಳಿಗ್ಗೆಯೆಲ್ಲ ಅವರು ನುಡಿಸಲಿ, ಅವಳು ಕೂತು ಕೇಳಲಿ. ಸ್ಯಾಕ್ಸೋಫೋನಿನ ಪೆಟ್ಟಿಗೆ ತೆಗೆಯುವುದು ಊಟವಾದ ಮೇಲೆ ಸಾಕು.